ಡಬ್ಲ್ಯುಪಿಎಫ್: ಟೆಕ್ಸ್ಟ್‌ಬಾಕ್ಸ್ ಖಾಲಿ ಮಾಡಿದರೂ ಹಳೆಯ ಮೊತ್ತವೇ ಸೇವ್ ಆಗುವುದೇಕೆ?
ವಿಂಡೋಸ್ ಆ್ಯಪ್‌ಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್‌ನ ಚೌಕಟ್ಟಾದ ಡಬ್ಲ್ಯುಪಿಎಫ್‌ನಲ್ಲಿ, ನಲ್ (ಮೌಲ್ಯವೇ ಇಲ್ಲದ ಸ್ಥಿತಿ) ಆಗಬಲ್ಲ ಡೆಸಿಮಲ್ ಪ್ರಾಪರ್ಟಿಗೆ ಟೆಕ್ಸ್ಟ್‌ಬಾಕ್ಸನ್ನು ಬೈಂಡ್ ಮಾಡಿದ್ದೀರಿ, ಅಂದರೆ ಒಂದರ ಬದಲಾವಣೆ ಇನ್ನೊಂದಕ್ಕೆ ತಲುಪುವಂತೆ ಜೋಡಿಸಿದ್ದೀರಿ. ಅಂಕಿಗಳನ್ನು ಪೂರ್ತಿ ಅಳಿಸಿದಾಗ ಕೆಂಪು ಅಂಚು ಮೂಡುತ್ತದೆ, ಸೇವ್ ಮಾಡಿದರೆ ಹಳೆಯ ಮೊತ್ತವೇ ಹೋಗುತ್ತದೆ. ಇದಕ್ಕೆ ಕನ್ವರ್ಟರ್ (ಮೌಲ್ಯವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಕೋಡ್) ಬರೆಯಬೇಕೇ ಎಂಬುದು ನಿಮ್ಮ ಪ್ರಶ್ನೆ. ಇಷ್ಟಕ್ಕೇ ಆದರೆ ಬೇಡ.

ಸ್ಟ್ರಿಂಗನ್ನು (ಬಾಕ್ಸಿನ ಪಠ್ಯವನ್ನು) ಸಂಖ್ಯೆಯಾಗಿಸುವ ಕೆಲಸವನ್ನು ಬೈಂಡಿಂಗ್ ತಾನೇ ಮಾಡುತ್ತದೆ. ಆದರೆ ಖಾಲಿ ಸ್ಟ್ರಿಂಗನ್ನು ಅದು ನಲ್ ಎಂದು ಭಾವಿಸುವುದಿಲ್ಲ. ಡೆಸಿಮಲ್ ಆಗಿ ಓದಲು ಹೋಗಿ ಸೋಲುತ್ತದೆ, ಸೋತಾಗ ಮೂಲ ಪ್ರಾಪರ್ಟಿಯನ್ನು ಮುಟ್ಟುವುದೇ ಇಲ್ಲ. ಪರದೆಯ ಮೇಲೆ ಒಂದು, ಆಬ್ಜೆಕ್ಟ್‌ನಲ್ಲಿ ಇನ್ನೊಂದು ಉಳಿಯುವುದು ಹೀಗೆ. ಬೈಂಡಿಂಗ್‌ನಲ್ಲಿ ಟಾರ್ಗೆಟ್‌ನಲ್‌ವ್ಯಾಲ್ಯೂ ಎಂಬುದಕ್ಕೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಎರಡೂ ದಿಕ್ಕಿನಲ್ಲಿ ಖಾಲಿಯೆಂದರೆ ನಲ್ ಎಂದಾಗುತ್ತದೆ. ಅದೇನೇ ಇರಲಿ, ಬೈಂಡಿಂಗ್ ದೋಷವಿರುವಾಗ ಸೇವ್ ಬಟನ್ ಒತ್ತಲು ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಮುಂದೆ ನಿಮಗೆ ಎದುರಾಗುವುದು ಅಲ್ಪವಿರಾಮದ ತಕರಾರು. ವಿಂಡೋಸ್‌ನಲ್ಲಿ ಪ್ರದೇಶವನ್ನು ಭಾರತವೆಂದೇ ಇಟ್ಟಿದ್ದರೂ, ಎನ್2 (ಎರಡು ದಶಮಾಂಶ ಸ್ಥಾನಗಳ) ಫಾರ್ಮ್ಯಾಟ್ ಕೊಟ್ಟಾಗ 12,34,567.00 ಬರುವ ಬದಲು 1,234,567.00 ಬರುತ್ತದೆ, ಏಕೆಂದರೆ ಡಬ್ಲ್ಯುಪಿಎಫ್ ಬೈಂಡಿಂಗ್ ವಿಂಡೋಸ್‌ನ ಆಯ್ಕೆಯನ್ನು ನೋಡದೆ ಎಲಿಮೆಂಟಿನ ಲ್ಯಾಂಗ್ವೇಜ್ ಪ್ರಾಪರ್ಟಿಯನ್ನು ನೋಡುತ್ತದೆ, ಅದರ ಡೀಫಾಲ್ಟ್ ಅಮೆರಿಕದ ಇಂಗ್ಲಿಷ್. ಒಂದೇ ಬಾಕ್ಸಿಗಾದರೆ ಬೈಂಡಿಂಗ್‌ನ ಕನ್ವರ್ಟರ್‌ಕಲ್ಚರ್‌ನಲ್ಲಿ (ಕಲ್ಚರ್ ಎಂದರೆ ಭಾಷೆ-ಪ್ರದೇಶದ ಬರವಣಿಗೆ ನಿಯಮ) ಭಾರತದ ಇಂಗ್ಲಿಷ್ ಅಥವಾ ಕನ್ನಡವನ್ನು ಸೂಚಿಸಿ. ಇಡೀ ಆ್ಯಪ್‌ಗೆ ಬೇಕಾದರೆ, ಮೊದಲ ವಿಂಡೋ ತೆರೆಯುವ ಮುನ್ನವೇ ಫ್ರೇಮ್‌ವರ್ಕ್‌ಎಲಿಮೆಂಟ್‌ನ ಲ್ಯಾಂಗ್ವೇಜ್ ಮೆಟಾಡೇಟಾವನ್ನು ಒಮ್ಮೆ ಓವರ್‌ರೈಡ್ ಮಾಡಿ. (ಟೆಕ್ಸ್ಟ್‌ಬ್ಲಾಕ್ ಒಳಗಿನ ರನ್ ಎಲಿಮೆಂಟ್ ಆ ವರ್ಗಕ್ಕೆ ಸೇರಿದ್ದಲ್ಲವಾದ್ದರಿಂದ ಅದಕ್ಕೆ ಈ ಬದಲಾವಣೆ ತಾಗದು.)

ಬಾಕ್ಸಿನೊಳಗೇ ₹ ಚಿಹ್ನೆ ಕಾಣಬೇಕೆಂದರೂ ಕನ್ವರ್ಟರ್ ಬೇಕಾಗಿಲ್ಲ. ಸಿ (ಕರೆನ್ಸಿ) ಫಾರ್ಮ್ಯಾಟ್ ತೋರಿಸುವಾಗ ಸರಿಯಾಗಿಯೇ ಕೆಲಸ ಮಾಡುತ್ತದೆ, ಬಳಕೆದಾರರು ತಿದ್ದಿದ ಬಳಿಕವೂ ಬೈಂಡಿಂಗ್‌ನ ಕಲ್ಚರ್ ಭಾರತದ್ದಾಗಿದ್ದರೆ ಡೀಫಾಲ್ಟ್ ಪರಿವರ್ತನೆ ಆ ಚಿಹ್ನೆಯನ್ನು ದಾಟಿ ಸಂಖ್ಯೆಯನ್ನು ಓದುತ್ತದೆ. ಬೇರೆ ಕಾರಣಕ್ಕೆ ಕನ್ವರ್ಟರ್ ಬರೆದರೆ, ಪಠ್ಯವನ್ನು ಮರಳಿ ಸಂಖ್ಯೆಯಾಗಿಸುವ ಕನ್ವರ್ಟ್‌ಬ್ಯಾಕ್ ಮೆಥಡ್‌ನಲ್ಲಿ ನಂಬರ್‌ಸ್ಟೈಲ್ಸ್‌ನ ಕರೆನ್ಸಿ ಆಯ್ಕೆಯೊಂದಿಗೆ ಟ್ರೈಪಾರ್ಸ್ ಬಳಸಿ. ಕರೆಂಟ್‌ಕಲ್ಚರ್ ಬದಲು ಪ್ಯಾರಾಮೀಟರ್ ಆಗಿ ಬಂದ ಕಲ್ಚರನ್ನೇ ಅದಕ್ಕೆ ಕೊಡಿ, ಇಲ್ಲವಾದರೆ ತೋರಿಸುವ ನಿಯಮ ಒಂದು, ಓದುವ ನಿಯಮ ಇನ್ನೊಂದು ಆದೀತು. ಓದಲಾಗದಿದ್ದರೆ ಎಕ್ಸೆಪ್ಶನ್ (ಕೋಡ್ ಓಟವನ್ನು ತಡೆಯುವ ದೋಷ) ಎಸೆಯದೆ ಡಿಪೆಂಡೆನ್ಸಿ ಪ್ರಾಪರ್ಟಿಯ ಅನ್‌ಸೆಟ್‌ವ್ಯಾಲ್ಯೂ (ಮೌಲ್ಯ ಸಿಗಲಿಲ್ಲ ಎಂಬ ಗುರುತು) ಹಿಂದಿರುಗಿಸಿ. ನಾವು ಬರೆದ ಕನ್ವರ್ಟರ್ ಎಸೆದ ಎಕ್ಸೆಪ್ಶನ್ನನ್ನು ಬೈಂಡಿಂಗ್ ತಾನಾಗಿ ಹಿಡಿಯುವುದಿಲ್ಲ, ಒಂದು ತಪ್ಪು ಅಕ್ಷರಕ್ಕೆ ಆ್ಯಪ್ ಮುಚ್ಚಿಹೋಗಬಹುದು.