ಹಳೆಯ ಮಿಲಿಟರಿ ಜೀಪಿನ ಬ್ರೇಕ್ ಶೂಗಳಿಗೂ ಕ್ಲಚ್ ಪ್ಲೇಟಿಗೂ ಮನೆಯಲ್ಲೇ ಲೈನರ್ (ಉಜ್ಜಿ ಹಿಡಿಯುವ ಪಟ್ಟಿ) ಹಾಕಿಕೊಂಡು ಹಣ ಉಳಿಸಬಹುದೇ? ರಿವಿಟ್ ಒಳ್ಳೆಯದೋ, ಅಂಟು ಒಳ್ಳೆಯದೋ?

ಹನ್ನೊಂದು ವರ್ಷಗಳ ಹಿಂದೆ ಇದೇ ಪ್ರಶ್ನೆ ನನ್ನದೂ ಆಗಿತ್ತು. ಕೇಳುವುದಕ್ಕೆ ಯಾರೂ ಇರಲಿಲ್ಲವಾದ್ದರಿಂದ ಉತ್ತರವನ್ನೂ ನಾನೇ ಕೊಟ್ಟುಕೊಂಡೆ, ಮತ್ತು ಅದು ತಪ್ಪಾಗಿತ್ತು.

ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದಲ್ಲಿ 1944ರ ವಿಲ್ಲೀಸ್ ಎಂಬಿ ಜೀಪ್ ಇದೆ. ಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಗಾಡಿಗಳಲ್ಲಿ ಒಂದನ್ನು ಅಜ್ಜ ಕೊಂಡು ತಂದಿದ್ದರು. ನನ್ನ ಕೈಗೆ ಬರುವ ಹೊತ್ತಿಗೆ ಅದು ಕಣದ ಪಕ್ಕದ ಕೊಟ್ಟಿಗೆಯಲ್ಲಿ ಹದಿನೈದು ವರ್ಷ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಎಂಜಿನ್ ಸುಲಭವಾಗಿ ಎದ್ದಿತು. ಬ್ರೇಕ್ ಮಾತ್ರ ಇರಲಿಲ್ಲ. ಚಕ್ರದ ಜೊತೆ ತಿರುಗುವ 9 ಅಂಗುಲದ ಡ್ರಮ್, ಅದರ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಶೂಗಳು ಚಕ್ರಕ್ಕೆ ಎರಡರಂತೆ ಎಂಟು, ಅವುಗಳ ಮೇಲೆ ಒಂದೂಮುಕ್ಕಾಲು ಅಂಗುಲ ಅಗಲದ ಲೈನರ್. ಇಷ್ಟು ಚಿಕ್ಕ ಕೆಲಸವನ್ನು ಬೇರೆಯವರಿಗೆ ಏಕೆ ಕೊಡಬೇಕೆಂದು ಎರಡು ಸಂಜೆಗಳಲ್ಲಿ ನಾನೇ ಮುಗಿಸಿದೆ.

ಹಳೆಯ ರಿವಿಟ್‌ಗಳನ್ನು ಡ್ರಿಲ್ಲಿನಿಂದ ತೆಗೆದೆ, ಶೂಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆ, ಪ್ರತಿ ಚಕ್ರದಲ್ಲೂ ಉದ್ದನೆಯ ಲೈನರನ್ನು ಮುಂದಿನ ಶೂಗೂ ಗಿಡ್ಡನೆಯದನ್ನು ಹಿಂದಿನ ಶೂಗೂ ಸರಿಯಾಗಿಯೇ ಹೊಂದಿಸಿದೆ. ಹಿತ್ತಾಳೆಯ ಟೊಳ್ಳು ರಿವಿಟ್‌ಗಳ ತಲೆ ಲೈನರಿನ ಮೇಲ್ಮೈಗಿಂತ ಸಾಕಷ್ಟು ಒಳಗೆ ಇರುವಂತೆಯೂ ನೋಡಿಕೊಂಡೆ. ಇಷ್ಟೆಲ್ಲ ಸರಿಯಾಗಿ ಮಾಡಿದವನು ರಿವಿಟ್ ಹೊಡೆಯುವ ಕ್ರಮದಲ್ಲಿ ಎಡವಿದೆ. ಮಾಡಿಗೆ ತಗಡು ಹೊಡೆಯುವಾಗ ಮೊದಲು ಎರಡು ತುದಿಗಳಿಗೆ ಮೊಳೆ ಹೊಡೆದು ಆಮೇಲೆ ನಡುವಿಗೆ ಬರುವುದು ನಮ್ಮ ರೂಢಿ. ಅದೇ ಕೈ ಅಭ್ಯಾಸದಿಂದ ಲೈನರಿನ ಎರಡೂ ತುದಿಗಳನ್ನು ಮೊದಲು ಬಿಗಿದು, ನಡುವಿನ ರಿವಿಟ್‌ಗಳನ್ನು ಕೊನೆಗೆ ಹೊಡೆದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಕಥೆಯೆಲ್ಲ ಇದರಲ್ಲೇ ಇದೆ. ಶೂ ಒಂದು ಬಿಲ್ಲು, ಲೈನರ್ ಇನ್ನೊಂದು ಬಿಲ್ಲು. ಅಂಗಡಿಯಿಂದ ತಂದ ಲೈನರಿನ ಬಾಗು ಶೂವಿನ ಬಾಗಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದು ಅಪರೂಪ. ನಡುವಿನಿಂದ ಆರಂಭಿಸಿ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಎಂದು ತುದಿಗಳತ್ತ ಸಾಗಿದರೆ ಆ ವ್ಯತ್ಯಾಸ ತುದಿಗೆ ಸರಿದು ಹೊರಹೋಗುತ್ತದೆ. ತುದಿಗಳನ್ನೇ ಮೊದಲು ಬಿಗಿದರೆ ಅದಕ್ಕೆ ಹೋಗಲು ದಾರಿಯಿಲ್ಲ. ನಡುವೆ ಉಬ್ಬಿ ನಿಲ್ಲುತ್ತದೆ. ನನಗೂ ಆ ಸಂದು ಕಂಡಿತ್ತು. ಬ್ರೇಕ್ ಒತ್ತಿದಾಗ ತಾನೇ ಕೂರುತ್ತದೆ ಎಂದುಕೊಂಡೆ. ಕೂರುವುದಿಲ್ಲ, ಪೆಡಲ್ ಒತ್ತಿದಾಗಲೆಲ್ಲ ಲೈನರ್ ಆ ಸಂದಿಗೆ ಬಗ್ಗುತ್ತದೆ, ಬಿಟ್ಟಾಗ ಮತ್ತೆ ಏಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆಯೇ ರಿವಿಟ್ ತೂತುಗಳ ಬಳಿ ಬಿರುಕು ಹುಟ್ಟುತ್ತದೆ. ಅಷ್ಟೇ ಅಲ್ಲ, ಲೈನರ್ ಶೂವಿಗೆ ಒತ್ತಿ ಹಿಡಿದಿದ್ದರೆ ಚಕ್ರ ಎಳೆಯುವ ಬಲವನ್ನು ಆ ಎರಡು ಮೈಗಳ ಹಿಡಿತವೇ ತಡೆಯುತ್ತದೆ. ಸಂದು ಇದ್ದರೆ ಆ ಬಲವೆಲ್ಲ ರಿವಿಟ್‌ಗಳ ಕತ್ತಿನ ಮೇಲೆ ಬೀಳುತ್ತದೆ, ಅವು ಅದಕ್ಕಾಗಿ ಇರುವುದೇ ಅಲ್ಲ.

ಲಕ್ಷಣವೂ ಇತ್ತು. ಪೆಡಲ್ ಸ್ಪಂಜಿನಂತೆ ಮೆತ್ತಗಿತ್ತು. ಬ್ರೇಕ್ ಎಣ್ಣೆಯ ಲೈನಿನಲ್ಲಿ ಗಾಳಿ ಇದೆ ಎಂದು ತೀರ್ಮಾನಿಸಿ ನಾಲ್ಕು ಬಾರಿ ಬ್ಲೀಡ್ ಮಾಡಿದೆ, ಅಂದರೆ ಗಾಳಿ ಹೊರಹೋಗಲೆಂದು ಎಣ್ಣೆ ಹರಿಸಿದೆ. ಗಾಳಿ ಇರಲೇ ಇಲ್ಲ.

ಉಜಿರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಭಾವಮೈದನನ್ನು ಕೂರಿಸಿಕೊಂಡು ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿಯನ್ನು ಸೆಕೆಂಡ್ ಗೇರಿನಲ್ಲೇ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಮುಂದಿನ ಎಡ ಚಕ್ರದ ಲೈನರ್ ತುಂಡಾಗಿ ಶೂವಿಗೂ ಡ್ರಮ್ಮಿಗೂ ನಡುವೆ ಸಿಕ್ಕಿಕೊಂಡಿತು. ಚಕ್ರ ಹಿಡಿದುಕೊಂಡಿತು, ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ಗುಡ್ಡ ಕಡಿದ ಬದಿಯ ಧರೆಗೆ ಗುದ್ದಿತು. ಎಡಗಡೆ ಧರೆ ಇದ್ದುದರಿಂದ ಈ ಉತ್ತರ ಬರೆಯುತ್ತಿದ್ದೇನೆ. ಭಾವಮೈದನ ಮಣಿಕಟ್ಟು ಮುರಿಯಿತು. ಡ್ರಮ್ ಬಿರುಕುಬಿಟ್ಟಿತು, ಅದಕ್ಕೆ ಬದಲಿ ಹುಡುಕಲು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಮೂರು ಸಲ ಅಲೆದೆ.

ಉಳಿದ ಶೂಗಳನ್ನು ಮೂಡಿಗೆರೆಯಲ್ಲಿ ಬ್ರೇಕ್ ಕೆಲಸ ಮಾಡುವ ಹಿರಿಯ ಸಾಬರೊಬ್ಬರಿಗೆ ತೋರಿಸಿದಾಗ ಅವರು ಒಂದನ್ನು ಬೆಳಕಿಗೆ ಹಿಡಿದು, “ಇದು ಕೂತಿಲ್ಲ ಸಾರ್, ನಿಂತಿದೆ” ಎಂದರು. ಮಿಕ್ಕ ಏಳರಲ್ಲಿ ಐದು ಹಾಗೆಯೇ ನಿಂತಿದ್ದವು.

ಈಗ ನಿಮ್ಮ ಪ್ರಶ್ನೆ. ರಿವಿಟ್ಟೋ ಅಂಟೋ ಎಂಬುದು ನನ್ನ ಮಟ್ಟಿಗೆ ಮನೆಯಲ್ಲಿ ಕೇಳುವ ಪ್ರಶ್ನೆಯೇ ಅಲ್ಲ. ಕಾರ್ಖಾನೆಯಲ್ಲಿ ಅಂಟಿಸುವವರು ಲೈನರಿನ ಉದ್ದಕ್ಕೂ ಸಮನಾದ ಒತ್ತಡ ಕೊಟ್ಟು, ಒಲೆಯಲ್ಲಿ ನಿಗದಿತ ಶಾಖದಲ್ಲಿ ಬೇಯಿಸುತ್ತಾರೆ. ಅಂಗಡಿಯ ಎರಡು ಟ್ಯೂಬಿನ ಅಂಟು ಹಚ್ಚಿ ಕ್ಲ್ಯಾಂಪ್ ಹಾಕಿಟ್ಟರೆ ಅದು ಆಗುವುದಿಲ್ಲ. ಘಾಟಿ ಇಳಿದ ಡ್ರಮ್ಮಿಗೆ ನೀರು ಚಿಮುಕಿಸಿದರೆ ಚುರ್ ಎನ್ನುತ್ತದೆ. ಆ ಬಿಸಿಗೆ ಅಂತಹ ಅಂಟು ಮೆತ್ತಗಾಗುತ್ತದೆ. ಆದ್ದರಿಂದ ರಿವಿಟ್ಟೇ. ನಡುವಿನಿಂದ ತುದಿಗೆ, ಪ್ರತಿ ರಿವಿಟ್ಟಿನ ಪಕ್ಕದಲ್ಲಿ ಸಿ ಕ್ಲ್ಯಾಂಪ್ ಬಿಗಿದು, ಕೊನೆಗೆ ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳುವಾದ ಎಲೆ ಎಲ್ಲಿಯೂ ತೂರದಿದ್ದರೆ ಮಾತ್ರ ಶೂ ಗಾಡಿಗೆ ಹೋಗಬೇಕು.

ಅದಕ್ಕಿಂತ ಮೊದಲು ಡ್ರಮ್ಮಿನ ಒಳ ಅಳತೆ ನೋಡಿ. ಇಷ್ಟು ಹಳೆಯ ಡ್ರಮ್ಮನ್ನು ಯಾರಾದರೂ ಲೇತಿಗೆ ಕೊಟ್ಟು ಒಳಮೈ ಹೆರೆಸಿಯೇ ಇರುತ್ತಾರೆ. ಒಳಗೆ ಅಗಲವಾದ ಡ್ರಮ್ಮಿಗೆ ಮಾಮೂಲಿ ಲೈನರ್ ನಡುವೆ ಮಾತ್ರ ತಾಗುತ್ತದೆ. ಆಯಿಲ್ ಸೀಲ್ ಅಥವಾ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದ್ದರೆ ಹೊಸ ಲೈನರ್ ಹಾಕುವುದು ದಂಡ. ಎಣ್ಣೆ ಕುಡಿದ ಲೈನರ್ ಪೆಟ್ರೋಲಿನಲ್ಲಿ ತೊಳೆದರೂ ಸರಿಹೋಗುವುದಿಲ್ಲ. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ನಾನು ಸೈಕಲ್ ಪಂಪಿನಿಂದ ಊದಿದ್ದೆ ಎಂಬುದನ್ನು ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ.

ಕ್ಲಚ್ ಪ್ಲೇಟನ್ನು ಮನೆಯಲ್ಲಿ ಮುಟ್ಟಬೇಡಿ. ಶೂ ತನ್ನ ಜಾಗದಲ್ಲೇ ಇರುತ್ತದೆ, ಕ್ಲಚ್ ಪ್ಲೇಟ್ ಎಂಜಿನ್ನಿನ ಜೊತೆ ತಿರುಗುತ್ತದೆ. ಆ ಎಂಜಿನ್ ತನ್ನ 60 ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ 4000 ಸುತ್ತಿನಲ್ಲಿ. ಎರಡೂ ಮುಖದ ದಪ್ಪ ಸಮವಿಲ್ಲದಿದ್ದರೆ ಗಾಡಿ ಹೊರಡುವಾಗ ನಡುಗುತ್ತದೆ, ಒಂದು ರಿವಿಟ್ ಸಡಿಲವಾದರೆ ಲೈನರ್ ಸಿಡಿದು ಹೌಸಿಂಗಿನೊಳಗೆ ಚೂರಾಗುತ್ತದೆ. ಪ್ಲೇಟನ್ನು ಅದೇ ಕೆಲಸದ ಅಂಗಡಿಗೆ ಕೊಡಿ, ಇಲ್ಲವೇ ಹೊಸದನ್ನು ತನ್ನಿ. ಗೇರ್ ಬಾಕ್ಸ್ ಇಳಿಸಿದಾಗ ಎಂಜಿನ್ನಿನ ಹಿಂದಿನ ಮೇನ್ ಬೇರಿಂಗಿನಿಂದ ಕ್ಲಚ್ಚಿನ ಕಡೆಗೆ ಎಣ್ಣೆ ಸೋರಿದೆಯೇ ಎಂಬುದನ್ನು ಮಾತ್ರ ನೀವೇ ನೋಡಿ.

ಹಣ ಉಳಿಯುತ್ತದೆ ಎಂದು ಬರೆದಿದ್ದೀರಿ. ನನಗೆ ಉಳಿಯಲಿಲ್ಲ. ನಿಮ್ಮ ನಾಲ್ಕೂ ಡ್ರಮ್ಮುಗಳ ಒಳ ಅಳತೆಯನ್ನು ವರ್ನಿಯರಿನಲ್ಲಿ ತೆಗೆದು ಕಮೆಂಟಿನಲ್ಲಿ ಹಾಕಿ. ಯಾವ ದಪ್ಪದ ಲೈನರ್ ತರಬೇಕೆಂಬುದನ್ನು ಆಮೇಲೆ ಹೇಳುತ್ತೇನೆ.