ಬ್ಯಾರಕ್ಸಿನ ದೀಪದಿಂದ ಶುರು ಮಾಡಿ

ನಮಸ್ಕಾರ,

‘ಐರಿಶ್ ಹಳ್ಳಿ ಪೊಲೀಸಪ್ಪ: ಜನ ಏನಂತಾರೆ?’ ಅನ್ನೋ ನಿಮ್ಮ ಲೇಖನ ಎರಡು ಸಲ ಓದ್ದೆ, ಒಂದ್ಸಲ ಬಸ್ಸಲ್ಲಿ ಮೊಬೈಲ್ ಹಿಡ್ಕೊಂಡು, ಇನ್ನೊಂದ್ಸಲ ಪ್ರಿಂಟ್ ತೆಗೆಸಿ ಕೆಂಪು ಪೆನ್ ಹಿಡ್ಕೊಂಡು. ನೇರವಾಗಿ ಹೇಳ್ಬಿಡ್ತೀನಿ, ಈಗಿರೋ ಹಾಗೆ ಪತ್ರಿಕೇಲಿ ಹಾಕೋಕೆ ಆಗಲ್ಲ. ಹಾಗಂತ ‘ಸ್ಥಳಾಭಾವದಿಂದ’ ಅಂತ ಎರಡು ಸಾಲು ಗೀಚಿ ಕೈ ತೊಳ್ಕೊಳ್ಳೋ ಅಂಥ ಲೇಖನನೂ ಅಲ್ಲ ಇದು, ಅದಕ್ಕೇ ಇಷ್ಟುದ್ದ ಬರೀತಿದೀನಿ. ಬೇಜಾರಾದ್ರೆ ಅರ್ಧಕ್ಕೆ ಬಿಟ್ಟು ಒಂದು ಟೀ ಕುಡ್ದು ಬನ್ನಿ.

ನೀವು ಮಾಡಿರೋದು ಇಷ್ಟು. ಐರ್ಲೆಂಡಿನ ಕಾರ್ಕ್‌ನಲ್ಲಿ ಕೆಲಸಕ್ಕಿದೀರಾ, ‘ಹೋಲ್ಡಿಂಗ್’ ಅನ್ನೋ ನಾಲ್ಕು ಎಪಿಸೋಡಿನ ಸೀರಿಯಲ್ ನೋಡಿದೀರಾ, ಡುನೀನ್ ಅನ್ನೋ ಕಾಲ್ಪನಿಕ ಊರಲ್ಲಿ ಒಬ್ಬ ದಪ್ಪಗಿರೋ ಒಂಟಿ ಸಾರ್ಜೆಂಟು, ಜೀವಮಾನದಲ್ಲಿ ಒಂದು ದೊಡ್ಡ ಕೇಸ್ ನೋಡಿಲ್ಲ, ಒಂದಿನ ಕಟ್ಟಡ ಕೆಲಸಕ್ಕೆ ಮಣ್ಣು ಅಗೀವಾಗ ಮನುಷ್ಯನ ಮೂಳೆ ಸಿಗುತ್ತೆ. ನೋಡಿದ ಮೇಲೆ ಆಫೀಸ್ ಕ್ಯಾಂಟೀನಲ್ಲಿ, ಪಕ್ಕದ ಮನೇಲಿ, ಮ್ಯಾಂಚೆಸ್ಟರಿಗೆ ಹೋದ ಹಳೇ ರೂಮ್‌ಮೇಟಿಗೆ ಫೋನ್ ಮಾಡಿ, ಕೊನೆಗೆ ಮನೆ ಓನರ್ ಅಜ್ಜಿ ಹತ್ರನೂ ಹೆಂಗಿತ್ತು ಹೆಂಗಿತ್ತು ಅಂತ ಕೇಳಿದೀರಾ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ ಹಂಚಿದೀರಾ, ರೇಷನ್ ಕೊಟ್ಟಂಗೆ. ಚೆನ್ನಾಗಿದೆ ಅಂದೋರು ಇಷ್ಟು ಜನ, ಸ್ಲೋ ಅಂದೋರು ಇಷ್ಟು ಜನ ಅಂತ ಟೇಬಲ್ ಬೇರೆ. ಕೊನೇ ಸಾಲು: ‘ಒಟ್ಟಿನಲ್ಲಿ ಮಿಶ್ರ ಪ್ರತಿಕ್ರಿಯೆ ವ್ಯಕ್ತವಾಯಿತು’. ಸ್ವಾಮಿ, ಮಿಶ್ರ ಪ್ರತಿಕ್ರಿಯೆ ಬರದೇ ಇರೋ ವಸ್ತು ಲೋಕದಲ್ಲಿ ಯಾವ್ದಿದೆ ಹೇಳಿ, ಉಪ್ಪಿಟ್ಟಿಗೂ ಮಿಶ್ರ ಪ್ರತಿಕ್ರಿಯೆನೇ ಬರೋದು.

ತೊಂದ್ರೆ ಇರೋದೇ ಇಲ್ಲಿ. ಪ್ರೇಕ್ಷಕರನ್ನ ನೀವು ವೋಟರ್ ಮಾಡಿ ಕೈ ಎತ್ತಿಸಿದೀರಾ. ಅವರನ್ನ ಸಾಕ್ಷಿ ಥರ ಕೂರಿಸಿ ನೋಡಿ. ಸಾಕ್ಷಿ ಹೇಳಿಕೆ ತಗೊಳ್ಳೋ ಪೊಲೀಸಿನವನು ಮೊದ್ಲು ಏನು ಕೇಳ್ತಾನೆ? ನೀನು ಎಲ್ಲಿ ನಿಂತಿದ್ದೆ, ಅಲ್ಲಿಂದ ಏನು ಕಾಣ್ತಿತ್ತು, ಸತ್ತೋನು ನಿನಗೆ ಏನಾಗಬೇಕು. ಈ ಮೂರು ಕೇಳದೇ ಹೇಳಿಕೆ ಬರ್ಕೊಂಡ್ರೆ ಅದು ಕೋರ್ಟಲ್ಲಿ ನಿಲ್ಲಲ್ಲ. ನಿಮ್ಮ ಲೇಖನದಲ್ಲಿ ಯಾರೂ ಎಲ್ಲೂ ನಿಂತಿಲ್ಲ, ಎಲ್ಲರೂ ಗಾಳೀಲಿ ತೇಲ್ತಾ ‘ಸೂಪರ್’, ‘ಬೋರ್’ ಅಂತಿದಾರೆ.

ಮ್ಯಾಂಚೆಸ್ಟರ್ ರೂಮ್‌ಮೇಟನ್ನೇ ತಗೊಳ್ಳಿ. ‘ಎಷ್ಟು ನೆಮ್ಮದಿ ಊರು, ಅಲ್ಲೇ ಹೋಗಿ ಇದ್ಬಿಡೋಣ ಅನ್ಸುತ್ತೆ’ ಅಂದ್ರಂತೆ. ನಿಮ್ಮ ಕ್ಯಾಂಟೀನಿನ ಹುಡುಗ, ವೆಸ್ಟ್ ಕಾರ್ಕಿನ ಸ್ಕಿಬರೀನ್ ಊರಿನವನು, ಅದೇ ಊರು ನೋಡಿ ನಕ್ಕನಂತೆ, ಎರಡು ಮೂರು ಊರು ಹೊಲ್ದು ಒಂದೂರು ಮಾಡಿದಾರೆ ಅಂತ. ನೀವು ಮೊದಲನೇದನ್ನ ಪಾಸಿಟಿವ್ ಕಾಲಮ್ಮಿಗೆ, ಎರಡನೇದನ್ನ ನೆಗೆಟಿವ್ ಕಾಲಮ್ಮಿಗೆ ಹಾಕಿ ಮುಂದೆ ಹೋಗಿದೀರಾ. ಅಲ್ರೀ, ಇದು ಐಟಿವಿ ಅನ್ನೋ ಬ್ರಿಟಿಷ್ ಚಾನೆಲ್ ಮಾಡ್ಸಿದ್ದು, 2022ರ ಮಾರ್ಚಲ್ಲಿ ಬಂತು. ಮೂಲ ಕಾದಂಬರಿ 2016ರದ್ದು, ಬರೆದ ಗ್ರಹಾಂ ನಾರ್ಟನ್ ಬೆಳೆದಿದ್ದು ವೆಸ್ಟ್ ಕಾರ್ಕಿನ ಬ್ಯಾಂಡನ್‌ನಲ್ಲಿ, ಹೆಸರು ಮಾಡಿದ್ದು ಬ್ರಿಟಿಷ್ ಟಿವೀಲಿ. ಡೈರೆಕ್ಟರ್ ಕ್ಯಾಥಿ ಬರ್ಕ್ ಲಂಡನ್ನಲ್ಲಿ ಐರಿಶ್ ಅಪ್ಪ ಅಮ್ಮನಿಗೆ ಹುಟ್ಟಿದೋರು. ಶೂಟಿಂಗ್ ಆಗಿದ್ದು ಡ್ರಿಮೊಲೀಗ್, ಕಾಸಲ್‌ಟೌನ್‌ಶೆಂಡ್ ಆ ಕಡೆ. ಅಂದ್ರೆ ಈ ಊರನ್ನ ನೋಡೋ ಕಣ್ಣು ಅರ್ಧ ಒಳಗಿನದು ಅರ್ಧ ಹೊರಗಿನದು. ರೂಮ್‌ಮೇಟಿಗೆ ಅದು ರಜಾ ದಿನದ ಊರು, ಹುಡುಗನಿಗೆ ಚಿಕ್ಕಮ್ಮನ ಮನೆ ದಾರಿ. ಈ ಇಬ್ಬರನ್ನ ಅಕ್ಕಪಕ್ಕ ಕೂರ್ಸಿದ್ರೆ ಅದೇ ಒಂದು ಪೇಜಾಗ್ತಿತ್ತು.

ಇನ್ನು ತಪ್ಪುಗಳು. ಕೊಲೆ ಮಾಡಿದ್ದು ಯಾರು ಅಂತ ಎರಡ್ನೇ ಪ್ಯಾರಾದಲ್ಲೇ ಹೇಳ್ಬಿಟ್ಟಿದೀರಾ, ದಯವಿಟ್ಟು ತೆಗೀರಿ, ನಮ್ಮ ಓದುಗರು ಫೋನ್ ಮಾಡಿ ಬೈಯೋದು ನನಗೆ, ನಿಮಗಲ್ಲ. ‘ನಮ್ಮ ಮಲೆನಾಡಿನಂತೆ ಹಸಿರು’ ಅಂತ ಮೂರು ಕಡೆ ಇದೆ, ಮೂರೂ ತೆಗೀರಿ. ವೆಸ್ಟ್ ಕಾರ್ಕಲ್ಲಿ ಕಾಡು ಕಮ್ಮಿ, ಹುಲ್ಲಿದೆ, ಕಲ್ಲು ಬೇಲಿ ಇದೆ, ಸಮುದ್ರ ಒಳಗೆ ನುಗ್ಗಿರೋ ಕೊಲ್ಲಿಗಳಿವೆ, ಆ ಹಸಿರೇ ಬೇರೆ, ನೀವು ದಿನಾ ನೋಡ್ತಿರೋರು ನಿಮಗೆ ಗೊತ್ತಿರ್ಬೇಕು.

ಸಾರ್ಜೆಂಟನ್ನ ಒಂದು ಕಡೆ ‘ಬ್ರಿಟಿಷ್ ಪೊಲೀಸ್’ ಅಂದಿದೀರಾ, ಇನ್ನೊಂದು ಕಡೆ ‘ಪಿಎಸ್‌ಐ’. ಇದನ್ನ ನಿಮ್ಮ ಅಜ್ಜಿಗೆ ಓದಿ ಹೇಳಿದ್ರೆ ಬಾಡಿಗೆ ಜಾಸ್ತಿ ಮಾಡ್ತಾರೆ. ಐರ್ಲೆಂಡಿನ ಪೊಲೀಸ್ ಪಡೆಯ ಹೆಸರು ಆನ್ ಗಾರ್ಡಾ ಶೀಖಾನಾ, ಐರಿಶ್‌ನಲ್ಲಿ ಶಾಂತಿ ಕಾಯೋರು ಅಂತ ಅರ್ಥ, ಊರ ಜನ ಸುಮ್ನೆ ‘ಗಾರ್ಡ್ಸ್’ ಅಂತಾರೆ. ಕಾನ್‌ಸ್ಟೇಬಲ್ ಅನ್ನೋ ಹುದ್ದೆ ಅಲ್ಲಿಲ್ಲ, ಎಲ್ಲರಿಗಿಂತ ಕೆಳಗಿನ ಹಂತ ಗಾರ್ಡಾ, ಅದರ ಮೇಲೆ ಸಾರ್ಜೆಂಟ್, ಆಮೇಲೆ ಇನ್ಸ್‌ಪೆಕ್ಟರ್. ಮತ್ತೆ ‘ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟು ನಿಂತ ಸಾರ್ಜೆಂಟ್’ ಅಂತ ಬರೆದಿದೀರಲ್ಲ, ಅದೆಲ್ಲಿ ನೋಡಿದ್ರಿ? ಯೂನಿಫಾರ್ಮ್ ಹಾಕಿರೋ ಮಾಮೂಲಿ ಗಾರ್ಡಾ ಹತ್ರ ಬಂದೂಕೇ ಇರಲ್ಲ. ನೀವು ನಿಜವಾಗ್ಲೂ ನಾಲ್ಕೂ ಎಪಿಸೋಡ್ ನೋಡಿದೀರಾ ಅಂತ ನನಗೆ ಡೌಟ್ ಬಂದಿದ್ದೇ ಅಲ್ಲಿ.

ಬಂದೂಕು ಇಲ್ಲ ಅನ್ನೋದು ಸಣ್ಣ ವಿಷ್ಯ ಅಂದ್ಕೋಬೇಡಿ. ಬ್ರಿಟಿಷರ ಕಾಲದಲ್ಲಿ ಅಲ್ಲಿದ್ದಿದ್ದು ರಾಯಲ್ ಐರಿಶ್ ಕಾನ್‌ಸ್ಟ್ಯಾಬ್ಯುಲರಿ, ಬಂದೂಕು ಹಿಡಿದ ಪಡೆ, ಬ್ಯಾರಕ್ಸಲ್ಲಿ ವಾಸ, ಸ್ವಂತ ಕೌಂಟಿಯಲ್ಲಿ ಯಾರಿಗೂ ಪೋಸ್ಟಿಂಗ್ ಕೊಡ್ತಿರಲಿಲ್ಲ, ಊರಿನವರ ಜೊತೆ ಬೆರೀಬಾರ್ದು ಅಂತಾನೇ. 1922ರಲ್ಲಿ ಹೊಸ ದೇಶ ಹೊಸ ಪಡೆ ಕಟ್ಟಿದಾಗ ಮೊದಲ ಕಮಿಷನರ್ ಮೈಕಲ್ ಸ್ಟೇನ್ಸ್ ಹೇಳಿದ್ದರ ಸಾರ ಏನಂದ್ರೆ, ನಾವು ಗೆಲ್ಲೋದು ಆಯುಧದಿಂದಲೋ ತಲೆ ಲೆಕ್ಕದಿಂದಲೋ ಅಲ್ಲ, ಜನರ ಆಳುಗಳು ಅನ್ನೋ ನೈತಿಕ ಬಲದಿಂದ ಅಂತ. ಹಳ್ಳಿ ಸಾರ್ಜೆಂಟ್ ಕಥೆ ಅಲ್ಲಿ ಮತ್ತೆ ಮತ್ತೆ ಯಾಕೆ ಬರುತ್ತೆ, ಜನ ಯಾಕೆ ಇಷ್ಟು ತಲೆ ಕೆಡಿಸ್ಕೊಂಡು ನೋಡ್ತಾರೆ ಅನ್ನೋದಕ್ಕೆ ಉತ್ತರ ಇದರಲ್ಲೇ ಇದೆ. ಕೈಯಲ್ಲಿ ಏನೂ ಇಲ್ಲದೇ ನಿಂತಿರೋ ಮನುಷ್ಯ, ಅವನಿಗಿರೋದು ಊರಿನ ಮುಲಾಜು ಮಾತ್ರ. ಅದು ಹೋದ್ರೆ ಅವನು ಬರೀ ಟೋಪಿ.

ಆಕ್ಸೆಂಟ್ ಬಗ್ಗೆ ನಿಮಗೆ ಬಂದ ದೂರುಗಳನ್ನೆಲ್ಲ ‘ಚಿಕ್ಕಪುಟ್ಟ ಕೊಂಕು’ ಅಂತ ಒಂದೇ ಸಾಲಲ್ಲಿ ಮುಗಿಸಿದೀರಾ. ನನಗೆ ಹೊಟ್ಟೆ ಉರೀತು. ಸಾರ್ಜೆಂಟ್ ಪಿಜೆ ಕಾಲಿನ್ಸ್ ಪಾತ್ರ ಮಾಡಿರೋ ಕಾನ್ಲೆತ್ ಹಿಲ್, ಗೇಮ್ ಆಫ್ ಥ್ರೋನ್ಸಿನ ವೇರಿಸ್ ಅಂದ್ರೆ ನಮ್ಮೋರಿಗೆ ತಕ್ಷಣ ಗೊತ್ತಾಗುತ್ತೆ, ಅವರ ಊರು ಬ್ಯಾಲಿಕಾಸಲ್, ದ್ವೀಪದ ಈಶಾನ್ಯದ ತುದಿ, ಅಲ್ಲಿಂದ ವೆಸ್ಟ್ ಕಾರ್ಕ್ ಅಂದ್ರೆ ಪೂರ್ತಿ ಆ ಕಡೆ ತುದಿ. ಬ್ರೀಡ್ ಪಾತ್ರದ ಶಿವಾನ್ ಮ್ಯಾಕ್‌ಸ್ವೀನಿ ಕಾರ್ಕಿನೋರೇ, ಡೆರ್ರಿ ಗರ್ಲ್ಸ್‌ನ ಸಿಸ್ಟರ್ ಮೈಕಲ್ ಅಂದ್ರೆ ಸಾಕು. ಎವೆಲಿನ್ ಆಗಿರೋ ಶಾರ್ಲೀನ್ ಮೆಕೆನ್ನಾ ಮೊನಹನ್‌ನೋರು, ಮಿಸೆಸ್ ಮೀನಿ ಆಗಿರೋ ಬ್ರೆಂಡಾ ಫ್ರಿಕರ್ ಡಬ್ಲಿನ್‌ನೋರು. ಕಾರ್ಕಿನವರ ಮಾತು ಹಾಡಿದಂಗೆ ಏರಿ ಇಳಿಯುತ್ತೆ, ಅಲ್ಲಿ ಹುಟ್ಟಿದ ಕಿವಿಗೆ ಒಂದು ಸ್ವರ ತಪ್ಪಿದ್ರೂ ಅನ್ನದಲ್ಲಿ ಕಲ್ಲು ಸಿಕ್ಕಂಗೆ. ಬೀದರಿನೋರ ಬಾಯಲ್ಲಿ ಕುಂದಾಪ್ರ ಕನ್ನಡ ಕೇಳಿ ನೀವು ಸುಮ್ನಿರ್ತೀರಾ? ಆದ್ರೆ ಇದರಲ್ಲಿ ಇನ್ನೊಂದು ಮಜಾ ಇದೆ, ಗಾರ್ಡಾ ಟಿಪ್ಪರರಿಯ ಟೆಂಪಲ್‌ಮೋರ್ ಕಾಲೇಜಲ್ಲಿ ಟ್ರೇನಿಂಗ್ ಮುಗಿಸಿ ಎಲ್ಲಿಗೆ ಹಾಕ್ತಾರೋ ಅಲ್ಲಿಗೆ ಹೋಗೋನು, ಹಾಗಾಗಿ ಅವನ ಮಾತು ಊರಿನ ಮಾತಿಗೆ ಹೊಂದದೇ ಇದ್ರೆ ಅದೇನು ಅಸಹಜ ಅಲ್ಲ. ದೂರು ಕೊಟ್ಟೋರಿಗೆ ಇದನ್ನ ತಿರುಗಿಸಿ ಕೇಳ್ಬೇಕಿತ್ತು ನೀವು. ಏನಂತಿದ್ರೋ ನೋಡ್ಬೋದಿತ್ತು.

ಡೊನೆಗಾಲ್‌ನ ನಿಮ್ಮ ಸಹೋದ್ಯೋಗಿ, ಅದೇ, ‘ಇಷ್ಟು ಒಳ್ಳೇ ಗಾರ್ಡು ಟಿವೀಲಿ ಮಾತ್ರ’ ಅಂತ ಅಂದು ಎದ್ದೋದೋರು. ಅವರು ‘ನೆಗೆಟಿವ್, ಕಾರಣ ತಿಳಿಸಿಲ್ಲ’ ಅಂತ ನಿಮ್ಮ ಟೇಬಲ್ಲಲ್ಲಿದಾರೆ. ಕಾರಣ ಅವರ ಊರಿನ ಹೆಸರಲ್ಲೇ ಇದೆ ಕಣ್ರೀ! 1990ರ ದಶಕದಲ್ಲಿ ಡೊನೆಗಾಲ್‌ನ ಕೆಲವು ಗಾರ್ಡಾಗಳು ತಾವೇ ಸ್ಫೋಟಕ ಇಟ್ಟು ತಾವೇ ‘ಪತ್ತೆ ಹಚ್ಚಿ’ ಶಹಬ್ಬಾಸ್‌ಗಿರಿ ತಗೊಂಡಿದ್ದು, ರಸ್ತೇಲಿ ಆದ ಒಂದು ಸಾವನ್ನ ಕೊಲೆ ಅಂತ ಮಾಡಿ ಒಂದು ಕುಟುಂಬದ ಬೆನ್ನು ಬಿದ್ದಿದ್ದು, ಇದನ್ನೆಲ್ಲ ವಿಚಾರಿಸೋಕೆ 2002ರಲ್ಲಿ ಮಾರಿಸ್ ಟ್ರಿಬ್ಯೂನಲ್ ಕೂತು 2008ರವರೆಗೆ ನಡೀತು. ಗಾರ್ಡಾ ಮೇಲಿನ ದೂರು ಕೇಳೋಕೆ ಅಂತ ಬೇರೆ ಓಂಬುಡ್ಸ್‌ಮನ್ ಕಮಿಷನ್ ಬಂದಿದ್ದೂ ಆ ಗಲಾಟೆ ಮಧ್ಯದಲ್ಲೇ. ಅದಕ್ಕೂ ಮುಂಚೆ 1984ರಲ್ಲಿ ಕೆರ್ರಿ ಬೇಬೀಸ್ ಕೇಸು, ತನ್ನದಲ್ಲದ ಮಗೂನ ಕೊಂದೆ ಅಂತ ಒಬ್ಬ ಯುವತಿ, ಅವಳ ಮನೆಯವರು ಪೊಲೀಸರ ಮುಂದೆ ತಪ್ಪೊಪ್ಪಿಗೆ ಬರ್ಕೊಟ್ರು, ರಕ್ತದ ಗುಂಪೇ ಹೊಂದಲಿಲ್ಲ, ಆದ್ರೂ ಆಮೇಲೆ ವಿಚಾರಣಾ ಆಯೋಗದ ಮುಂದೆ ನಿಂತು ಅವಳೇ ತನ್ನ ಇಡೀ ಖಾಸಗಿ ಬದುಕಿಗೆ ಉತ್ತರ ಕೊಡ್ಬೇಕಾಯ್ತು. ಸರ್ಕಾರ ಕ್ಷಮೆ ಕೇಳಿದ್ದು 2020ರಲ್ಲಿ, 36 ವರ್ಷ ಆದ ಮೇಲೆ. ಇದೆಲ್ಲ ಗೊತ್ತಿರೋರು ಮುದ್ದಾದ ದಪ್ಪ ಸಾರ್ಜೆಂಟ್ ಕೇಕ್ ತಿನ್ನೋದನ್ನ ಹೇಗೆ ನೋಡ್ತಾರೆ ಅಂತ ಯೋಚ್ನೆ ಮಾಡಿ. ಆ ಮನುಷ್ಯನ ಹತ್ರ ವಾಪಸ್ ಹೋಗಿ, ಈ ಸಲ ನೋಟ್‌ಬುಕ್ ಹೊರಗೆ ತೆಗೀದೇ ಕೂತ್ಕೊಳ್ಳಿ.

ನಿಮ್ಮ ಮ್ಯಾನೇಜರ್ ‘ಸಿಂಗಲ್ ಹ್ಯಾಂಡೆಡ್’ ಇದಕ್ಕಿಂತ ಎಷ್ಟೋ ವಾಸಿ ಅಂದಿದ್ದನ್ನೂ ಸುಮ್ನೆ ದಾಟಿದೀರಾ. ಅದು 2007ರಲ್ಲಿ ಐರ್ಲೆಂಡಿನ ಸರ್ಕಾರಿ ಚಾನೆಲ್ ಆರ್‌ಟಿಇಯಲ್ಲಿ ಶುರುವಾಗಿದ್ದು, ಓವನ್ ಮೆಕ್‌ಡಾನೆಲ್ ಮಾಡಿರೋ ಸಾರ್ಜೆಂಟ್ ಜಾಕ್ ಡ್ರಿಸ್ಕಲ್ ಡಬ್ಲಿನ್ನಿಂದ ಪಶ್ಚಿಮದ ತನ್ನೂರಿಗೆ ಬರ್ತಾನೆ, ಅಪ್ಪ ರಿಟೈರ್ ಆದ ಅದೇ ಕುರ್ಚಿಗೆ, ಅಪ್ಪ ಊರನ್ನ ಕಾಯ್ದಿದ್ದು ಹೆಂಗೆ, ಏನೇನು ಮುಚ್ಚಿಟ್ಟು ಅಂತ ಒಂದೊಂದಾಗಿ ಗೊತ್ತಾಗುತ್ತೆ. ಅಲ್ಲಿ ಆ ಬಟಾಬಯಲೇ ಎದೆ ಮೇಲೆ ಕೂರುತ್ತೆ, ನೆಮ್ಮದಿ ಗಿಮ್ಮದಿ ಏನಿಲ್ಲ. ನನಗೂ ಅದೇ ಹೆಚ್ಚು ಇಷ್ಟ, ‘ಹೋಲ್ಡಿಂಗ್’ ಸ್ವಲ್ಪ ಸಕ್ಕರೆ ಜಾಸ್ತಿ ಅನ್ಸುತ್ತೆ, ಆದ್ರೆ ಇದು ನನ್ನ ಅಭಿಪ್ರಾಯ. ನಿಮ್ಮದೇನು? ಇಡೀ ಲೇಖನದಲ್ಲಿ ನಿಮಗೆ ಇಷ್ಟ ಆಯ್ತೋ ಇಲ್ವೋ ಅಂತ ಒಂದು ಅಕ್ಷರ ಇಲ್ಲ.

ಈಗ ಅಜ್ಜಿ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನಾನು ಈ ಲೇಖನನ ಕಸದ ಬುಟ್ಟಿಗೆ ಹಾಕದೇ ಇದ್ದಿದ್ದು ಅವರಿಂದ. ಹನ್ನೊಂದನೇ ಪ್ಯಾರಾ. ನೀವು ಹೆಂಗಿತ್ತು ಅಂತ ಕೇಳ್ದಾಗ ಅವರು ಕೊಲೆ ಬಗ್ಗೆ, ಪ್ರೀತಿ ಪ್ರೇಮದ ಬಗ್ಗೆ ಏನೂ ಹೇಳ್ದೇ, ಬ್ಯಾರಕ್ಸಲ್ಲಿ ದೀಪ ಉರೀತಿರೋದು ನೋಡಿ ಖುಷಿ ಆಯ್ತು ಅಂದ್ರಂತೆ. ನೀವು ಅದರ ಮುಂದೆ ‘ಎಷ್ಟು ಕ್ಯೂಟ್!’ ಅಂತ ಬರ್ದು ಹನ್ನೆರಡನೇ ಪ್ಯಾರಾಗೆ ಹೋಗಿದೀರಾ.

ಕ್ಯೂಟ್ ಅಲ್ಲ ಅದು. ಹಳ್ಳೀಲಿ ಹಳೇ ತಲೆಮಾರು ಗಾರ್ಡಾ ಸ್ಟೇಷನ್ನಿಗೆ ಈಗ್ಲೂ ಬ್ಯಾರಕ್ಸ್ ಅಂತಾನೇ ಅನ್ನೋದು, ಆ ಹಳೇ ಬಂದೂಕಿನ ಪಡೆ ಹೋಗಿ ನೂರು ವರ್ಷ ಆದ್ರೂ. 2008ರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಮಕಾಡೆ ಮಲಗಿ, ಸಾಲ ತಂದು, ಖರ್ಚು ಕಡಿಮೆ ಮಾಡ್ತೀವಿ ಅಂತ ಕೂತಾಗ, 2012-13ರಲ್ಲಿ ಏಳುನೂರು ಚಿಲ್ರೆ ಸ್ಟೇಷನ್‌ಗಳಲ್ಲಿ 139 ಮುಚ್ಚಿದ್ರು, 100 ಅಂತೂ 2013 ಒಂದೇ ವರ್ಷದಲ್ಲಿ. ಗಾರ್ಡಾಗಳು ಕುರ್ಚಿ ಬಿಟ್ಟು ರಸ್ತೇಲಿ ಗಸ್ತು ತಿರುಗೋಕೆ ಅನುಕೂಲ ಅಂತ ಸರ್ಕಾರ ಅಂತು. ಮುಚ್ಚಿದ್ರಲ್ಲಿ ಬಹುಪಾಲು ಹಳ್ಳಿ ಸ್ಟೇಷನ್‌ಗಳು, ಎಷ್ಟೋ ಕಡೆ ಒಬ್ಬನೇ ಗಾರ್ಡಾ ಇದ್ದಿದ್ದು, ದಿನಕ್ಕೆ ಒಂದೆರಡು ಗಂಟೆ ಬಾಗಿಲು ತೆಗೀತಿದ್ದಿದ್ದು. ಒಂಟಿ ಮನೇಲಿ ಒಬ್ಬರೇ ಇರೋ ವಯಸ್ಸಾದೋರಿಗೆ ಆ ಎರಡು ಗಂಟೆ ಅಂದ್ರೆ ಏನು ಅಂತ ನಿಮ್ಮ ಓನರ್ರೇ ಹೇಳ್ಬೇಕು. ಅವರ ಹುಟ್ಟೂರಿನ ಸ್ಟೇಷನ್ ಮುಚ್ಚಿದೆ ಅಂತ ಅದೇ ಪ್ಯಾರಾದಲ್ಲಿ ಬ್ರಾಕೆಟ್ಟಲ್ಲಿ ಬರ್ದಿದೀರಾ. ಬ್ರಾಕೆಟ್ಟಲ್ಲಿ! ಡುನೀನ್ ಅನ್ನೋ ಊರಲ್ಲಿ ಅಜ್ಜಿಗೆ ಕಂಡ ಕಾಲ್ಪನಿಕ ವಸ್ತು ಮೂಳೆ ಅಲ್ಲ, ಫುಲ್‌ಟೈಮ್ ಸಾರ್ಜೆಂಟ್ ಇರೋ ಸ್ಟೇಷನ್ನು.

ಹಾಗಾಗಿ ಅಲ್ಲಿಂದ ಶುರು ಮಾಡಿ. ಟೇಬಲ್ ತೆಗೀರಿ. ಅಜ್ಜಿ, ಡೊನೆಗಾಲ್‌ನೋರು, ಸ್ಕಿಬರೀನ್ ಹುಡುಗ, ರೂಮ್‌ಮೇಟ್, ನಾಲ್ಕೇ ಜನ ಸಾಕು, ಮಿಕ್ಕಿದೋರಿಗೆ ಥ್ಯಾಂಕ್ಸ್ ಹೇಳಿ ಕಳ್ಸಿ. ಅಂದಹಾಗೆ ಪ್ರೇಕ್ಷಕರ ಕೋಪ ಅನ್ನೋದು ಆ ದೇಶದಲ್ಲಿ ಹಳೇ ಕಾಯ್ಲೆ, 1907ರ ಜನವರೀಲಿ ಡಬ್ಲಿನ್‌ನ ಆ್ಯಬಿ ಥಿಯೇಟರಲ್ಲಿ ಐರಿಶ್ ನಾಟಕಕಾರ ಜೆ. ಎಂ. ಸಿಂಗ್ (Synge) ಬರೆದ ಮೇಯೋ ಕಡೆಯ ಒಂದು ಹಳ್ಳಿ ನಾಟಕ, ಅಪ್ಪನ್ನ ಕೊಂದು ಬಂದೆ ಅನ್ನೋ ಹುಡುಗನ್ನ ಊರೋರು ಹೀರೋ ಮಾಡೋ ಕಥೆ, ಹೆಂಗಸರ ಒಳ ಅಂಗಿಯ ಹೆಸರು ಒಂದು ಬಂತು ಅಂತ, ನಮ್ಮ ಹಳ್ಳಿ ಜನ ಹಿಂಗಿಲ್ಲ ಅಂತ ಜನ ಎದ್ದು ಗಲಾಟೆ ಮಾಡಿ ಕೊನೆಗೆ ಥಿಯೇಟರ್ ಒಳಗೇ ಪೊಲೀಸರನ್ನ ಕರೆಸ್ಬೇಕಾಯ್ತು. ಬೇಕಾದ್ರೆ ಎರಡು ಸಾಲಲ್ಲಿ ಸೇರ್ಸಿ, ಅದಕ್ಕಿಂತ ಜಾಸ್ತಿ ಬೇಡ, ನೀವು ಇತಿಹಾಸದ ಪಾಠ ಮಾಡೋಕೆ ಹೊರಟ್ರೆ ನಿಲ್ಸಲ್ಲ ಅಂತ ಮೂರನೇ ಪ್ಯಾರಾ ನೋಡಿದ್ರೇ ಗೊತ್ತಾಗುತ್ತೆ.

ಭಾಷೆ ಬಗ್ಗೆ ಒಂದೇ ಮಾತು. ‘ಮಂತ್ರಮುಗ್ಧಗೊಳಿಸುವ’, ‘ಕಣ್ಮನ ಸೆಳೆಯುವ’, ‘ಪ್ರೇಕ್ಷಕರ ಮನಸೂರೆಗೊಂಡ’, ಇವನ್ನ ಯಾರೂ ಬಾಯಲ್ಲಿ ಹೇಳಲ್ಲ, ನೀವೂ ಹೇಳಲ್ಲ. ನನಗೆ ಮೇಲ್ ಬರೆದಾಗ ಎಷ್ಟು ಚೆನ್ನಾಗಿ ಬರ್ದಿದೀರಾ, ಮಳೆ ಬಂದು ಬಸ್ ತಪ್ಪಿಹೋಗಿದ್ದು, ಅಜ್ಜಿ ಹೀಟರ್ ಹಾಕೋಕೆ ಬಿಡಲ್ಲ ಅಂದಿದ್ದು. ಆ ಮೇಲ್ ಬರೆದೋರೇ ಲೇಖನನೂ ಬರೀಲಿ.

1200 ಪದ ಮೀರ್ಬಾರ್ದು. ಈ ತಿಂಗಳ ಕೊನೆ ಒಳಗೆ ಬಂದ್ರೆ ಮುಂದಿನ ಸಂಚಿಕೆಗೆ ನೋಡ್ತೀನಿ. ಅಜ್ಜಿ ಹತ್ರ ಒಂದು ವಿಷ್ಯ ಕೇಳೋಕೆ ಮರೀಬೇಡಿ, ಅವರೂರಿನ ಆ ಸ್ಟೇಷನ್ ಕಟ್ಟಡದಲ್ಲಿ ಈಗ ಯಾರಿದಾರೆ, ಸಂಜೆ ಅಲ್ಲಿ ದೀಪ ಹಾಕ್ತಾರಾ ಅಂತ. ಮತ್ತೆ ಫೈಲ್ ಯೂನಿಕೋಡಲ್ಲಿ ಕಳ್ಸಿ ಮಾರಾಯ್ರೆ, ನುಡಿ ಫಾಂಟಲ್ಲಿ ಕಳ್ಸಿದ್ರೆ ನಮ್ಮ ಕಡೆ ಎಲ್ಲಾ ಗೊಂಬೆ ಗೊಂಬೆ ಬರುತ್ತೆ, ಹೋದ ಸಲ ‘ಸಾರ್ಜೆಂಟ್’ ಅನ್ನೋದನ್ನ ಓದೋಕೆ ನನಗೆ ಹತ್ತು ನಿಮಿಷ ಹಿಡೀತು.