ಫ್ರಿಜ್ಜಿನೊಳಗೆ ಓಮ್ನಿ ಕೀ

ಪ್ರಶ್ನೆ: ಮೇಡಂ, ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ಸಿನಿಮಾ ಸೌಂಡ್ ರೆಕಾರ್ಡಿಸ್ಟ್ ಆಗುವ ಆಸೆ. ಮನೆಯಲ್ಲಿ ‘ಕಿವಿಗೆ ಹೆಡ್‌ಫೋನ್ ಹಾಕ್ಕಂಡು ಕೂರೋದೂ ಒಂದು ಕೆಲಸಾನಾ?’ ಅಂತಾರೆ. ನಿಮ್ಮ ಒಂದು ದಿನ ಹೇಗಿರುತ್ತದೆ?
– ಓದುಗ, ಶಿರಾ

ಉತ್ತರ: ಕೂರೋದಾ! ಕೂರೋಕೆ ಸಿಕ್ಕಿದ್ದರೆ ನನ್ನ ಭುಜ ಹೀಗೆ ಹಿಡಿದುಕೊಳ್ಳುತ್ತಿರಲಿಲ್ಲ. ಹೋದ ತಿಂಗಳ ಒಂದು ದಿನ ಹೇಳುತ್ತೇನೆ, ಅದನ್ನೇ ಮನೆಯವರಿಗೆ ಓದಿ ಹೇಳಿ.

ನಾಲ್ಕೂವರೆಗೆ ಎದ್ದೆ. ರಾತ್ರಿ ಚಾರ್ಜಿಗೆ ಹಾಕಿದ್ದ ಬ್ಯಾಟರಿಗಳನ್ನು ಎಣಿಸಿ ಓಮ್ನಿಗೆ ತುಂಬಿದೆ. ದೇವರಾಯನದುರ್ಗದ ಕಡೆ ಒಂದು ಹೆಂಚಿನ ಮನೆಯಲ್ಲಿ ಶೂಟಿಂಗ್. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಅಷ್ಟು ಬೇಗ ಯೋಗ ಇಲ್ಲ, ಬಿಡಿ. ಚಿಕ್ಕ ಬಜೆಟ್ಟಿನ ಸಿನಿಮಾ, ಅದಕ್ಕೆ ಅಸಿಸ್ಟೆಂಟ್ ಇರಲಿಲ್ಲ. ಮೈಕುಗಳ ಸದ್ದು ಹದ ಮಾಡುವ ಮಿಕ್ಸರ್ ಹೆಗಲಿಗೆ, ಉದ್ದ ಕೋಲಿನ ತುದಿಗೆ ಮೈಕು ಕಟ್ಟಿದ ಬೂಮ್ ಕೈಗೆ.

ಅಡುಗೆಮನೆಯಲ್ಲಿ ಅವ್ವ, ಮಗಳು ಮಾತಾಡುವ ಸೀನ್. ಹೆಡ್‌ಫೋನ್ ಹಾಕಿದ ಕೂಡಲೇ ‘ಗುಂಯ್’ ಅಂತ ಫ್ರಿಜ್ಜು. ಮನೆಯವರನ್ನು ಕೇಳಿ ಆಫ್ ಮಾಡಿದೆ, ನನ್ನ ಓಮ್ನಿ ಕೀ ಅದರೊಳಗೇ ಇಟ್ಟೆ. ಈ ಕಸುಬಿನವರು ತುಂಬ ಜನ ಹೀಗೆ ಮಾಡುತ್ತಾರೆ. ಮನೆಗೆ ಹೊರಡಬೇಕಾದರೆ ಕೀ ಬೇಕು, ಕೀ ತೆಗೆಯುವಾಗ ಫ್ರಿಜ್ಜು ಆನ್ ಮಾಡೋದು ನೆನಪಾಗುತ್ತದೆ. ನಾನು ಇದನ್ನು ಕಲಿತಿದ್ದು ಒಂದು ಪಾತ್ರೆ ದೋಸೆ ಹಿಟ್ಟು ಹಾಳು ಮಾಡಿದ ಮೇಲೆ. ರಾತ್ರಿಯೆಲ್ಲ ಉಬ್ಬಿ ಫ್ರಿಜ್ಜಿನ ಬಾಗಿಲಿಂದ ಹೊರಗೆ ಇಳಿದಿತ್ತಂತೆ. ಆ ಮನೆಯ ಬೀದಿಗೆ ಇವತ್ತಿಗೂ ನಾನು ಹೋಗಲ್ಲ.

ಫ್ರಿಜ್ಜು ಸುಮ್ಮನಾಯಿತು, ಪಕ್ಕದ ತೋಟದಲ್ಲಿ ಬೋರ್‌ವೆಲ್ ಮೋಟ್ರು ಶುರುವಾಯಿತು. ಪ್ರೊಡಕ್ಷನ್ ಹುಡುಗ ಹೋಗಿ ಬಂದ, ಆಗಲಿಲ್ಲ. ನಾನೇ ಹೋದೆ. ‘ತ್ರೀ ಫೇಸ್ ಕರೆಂಟ್ ಕೊಡೋದೇ ಏಳು ಗಂಟೆ ಕಣವ್ವ. ಅದ್ರಾಗೆ ನೀನು ನಿಲ್ಸು ಅಂದ್ರೆ ಅಡಿಕೆ ಗಿಡಕ್ಕೆ ನಿನ್ ಮೈಕಿಂದ ನೀರು ಬರ್ತೈತಾ?’ ಅಂದರು ತಾತ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಕೊನೆಗೆ, ನಾನು ಕೈ ಎತ್ತಿದಾಗ ನಿಲ್ಲಿಸೋದು, ಇಳಿಸಿದಾಗ ಹಾಕೋದು ಅಂತ ಮಾತಾಯಿತು. ಮೂರನೇ ಟೇಕಿನ ಹೊತ್ತಿಗೆ ತಾತ ನನಗಿಂತ ಚುರುಕಾಗಿದ್ದರು. ಡೈರೆಕ್ಟರ್ ‘ಕಟ್’ ಅನ್ನೋದೇ ತಡ, ಮೋಟ್ರು ಆನ್.

ಆಮೇಲೆ ಕಲಾವಿದೆಯ ಲೇಪಲ್ ಮೈಕು, ಅಂದರೆ ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕು. ಹತ್ತಿ ಸೀರೆ ಇದ್ದಿದ್ದಕ್ಕೆ ಬಚಾವಾದೆ, ರೇಷ್ಮೆ ಆಗಿದ್ದರೆ ಉಸಿರಾಡಿದರೂ ಸರಸರ. ಆದರೆ ಡೈಲಾಗಿನ ಮಧ್ಯೆ ‘ಟಿಕ್, ಟಿಕ್’ ಅಂತ ಸದ್ದು. ಬ್ಯಾಟರಿ ನೋಡಿದೆ, ಕನೆಕ್ಟರ್ ತಿರುಗಿಸಿದೆ, ಹೋಗಲಿಲ್ಲ. ಆಮೇಲೆ ಹೊಳೆಯಿತು, ತಾಳಿಯ ಎರಡು ಗುಂಡು ಒಂದಕ್ಕೊಂದು ತಾಗುತ್ತಿದ್ದವು. ಅವರನ್ನು ಕೇಳಿ, ಗಾಯಕ್ಕೆ ಹಚ್ಚುವ ಟೇಪಿನ ಸಣ್ಣ ಚೂರು ಹಿಂದುಗಡೆಯಿಂದ ಅಂಟಿಸಿದೆ. ಸದ್ದು ನಿಂತಿತು. ಕಾಣದ ಕೆಲಸ ಅಂದರೆ ಇದೇ, ಇಂಥದಕ್ಕೆ ನನಗೆ ಜಾಸ್ತಿ ಖುಷಿ.

ಟೇಕು ನಾಲ್ಕು ನಿಮಿಷದ್ದು. ಬೂಮ್ ತಲೆ ಮೇಲೆ ಎತ್ತಿ ಹಿಡಿಯಬೇಕು. ಮೈಕು ಫ್ರೇಮಿಗೆ ಬೀಳಬಾರದು, ನೆರಳು ಗೋಡೆಗೆ ಬೀಳಬಾರದು, ಆದರೆ ಬಾಯಿಗೆ ಆದಷ್ಟೂ ಹತ್ತಿರ ಇರಬೇಕು. ಮೂರನೇ ನಿಮಿಷಕ್ಕೆ ಕೈ ನಡುಗುತ್ತದೆ, ಬೆವರು ಕಣ್ಣಿಗೆ ಇಳಿಯುತ್ತದೆ. ಒರೆಸೋ ಹಾಗಿಲ್ಲ.

ಸೀನ್ ಮುಗಿದ ಮೇಲೆ ರೂಮ್ ಟೋನ್. ಅಂದರೆ ಎಲ್ಲರೂ ಇದ್ದಲ್ಲೇ ಇರಬೇಕು, ಒಂದು ನಿಮಿಷ ಆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡುವುದು. ಎಡಿಟಿಂಗ್‌ನಲ್ಲಿ ಮಾತಿನ ನಡುವೆ ಕತ್ತರಿಸಿದ ಜಾಗಕ್ಕೆ ಇದನ್ನು ತುಂಬುತ್ತಾರೆ. ಅಲ್ಲಿ ಏನೂ ಹಾಕದೆ ಬಿಟ್ಟರೆ ಥಿಯೇಟರಿನಲ್ಲಿ ಕಿವಿಗೆ ಹಳ್ಳ ಬಿದ್ದ ಹಾಗಾಗುತ್ತದೆ. ಆ ಒಂದು ನಿಮಿಷ ಕೊಡಿಸುವುದಕ್ಕೆ ಹತ್ತು ನಿಮಿಷ ಬೇಡಬೇಕು. ಎಲ್ಲರಿಗೂ ಊಟದ ಆತುರ, ಅಲ್ವಾ?

ನಾಲ್ಕಕ್ಕೆ ಕೀ ತೆಗೆದುಕೊಂಡು ತುಮಕೂರಿನ ಬಿ.ಎಚ್. ರಸ್ತೆಗೆ ಓಡಿದೆ. ಒಂದು ಸಾಕ್ಷ್ಯಚಿತ್ರಕ್ಕೆ ಸಂದರ್ಶನ, ಮೂರನೇ ಮಹಡಿ. ಕಿಟಕಿಗೆ ಎರಡೆರಡು ಕಂಬಳಿ ಕಟ್ಟಿದರೂ ಬಸ್ಸಿನ ಹಾರನ್ ಒಳಗೆ. ಹೇಗೋ ಮುಗಿಸಿದೆ. ಮನೆಗೆ ಬಂದು ಎರಡು ಬೇರೆ ಬೇರೆ ಡ್ರೈವಿಗೆ ಕಾಪಿ ಹಾಕಿ, ಸೌಂಡ್ ರಿಪೋರ್ಟ್ ಬರೆದು ಮಲಗುವಾಗ ಹನ್ನೊಂದೂವರೆ.

ಪ್ರಶ್ನೆ: ಹೇಗಿದ್ದರೂ ಆಮೇಲೆ ಡಬ್ಬಿಂಗ್ ಮಾಡುತ್ತಾರಲ್ಲ? ಅಲ್ಲೇ ಯಾಕೆ ರೆಕಾರ್ಡ್ ಮಾಡಬೇಕು?
– ಓದುಗರು, ಕುಣಿಗಲ್

ಉತ್ತರ: ನಮ್ಮಲ್ಲಿ ಎಷ್ಟೋ ಸಿನಿಮಾಗಳಿಗೆ ಸೆಟ್ಟಿನಲ್ಲಿ ಹಿಡಿಯುವುದು ಬರೀ ಪೈಲಟ್ ಟ್ರ್ಯಾಕ್. ಅದನ್ನು ಕೇಳಿಕೊಂಡು ಕಲಾವಿದರು ಸ್ಟುಡಿಯೋದಲ್ಲಿ ಮತ್ತೆ ಮಾತಾಡುತ್ತಾರೆ. ಈ ಅಭ್ಯಾಸಕ್ಕೆ ಒಂದು ಕಾರಣ ಹಳೆಯ ಕ್ಯಾಮೆರಾಗಳು. ಆರಿಫ್ಲೆಕ್ಸ್ 2ಸಿ ಓಡುವಾಗ ಹೊಲಿಗೆ ಮಿಷನ್ ಹಾಗೆ ಕಟಕಟ ಅನ್ನುತ್ತಿತ್ತು. ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಆ ರಗಳೆ ಇಲ್ಲ. ಅದಕ್ಕೇ ಸಿಂಕ್ ಸೌಂಡ್, ಅಂದರೆ ಸೆಟ್ಟಿನಲ್ಲಿ ಹಿಡಿದ ಮಾತನ್ನೇ ಸಿನಿಮಾಗೆ ಬಳಸುವುದು, ಬೇಕು ಅನ್ನುವವರು ಬರುತ್ತಿದ್ದಾರೆ. ಡಬ್ಬಿಂಗ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಆವತ್ತು ಆ ಅವ್ವ ಒಲೆ ಮುಂದೆ ಬಗ್ಗಿ, ಹೊಗೆಗೆ ಕೆಮ್ಮಿ, ಅರ್ಧಕ್ಕೆ ಮಾತು ನುಂಗಿದರಲ್ಲ, ಅದನ್ನು ಎಸಿ ರೂಮಿನಲ್ಲಿ ನಿಂತು ಇನ್ನೊಮ್ಮೆ ಮಾಡಿ ಅಂದರೆ ಹೇಗೆ?

ಪ್ರಶ್ನೆ: ದುಡ್ಡು ಸರಿಯಾಗಿ ಬರುತ್ತಾ? ಎಲ್ಲಿ ಕಲಿಯಬೇಕು?
– ಓದುಗ, ಮಧುಗಿರಿ

ಉತ್ತರ: ಬರುತ್ತದೆ, ನಿಧಾನವಾಗಿ. ಒಬ್ಬರು ಏಳು ತಿಂಗಳಿಂದ ‘ಸೋಮವಾರ ಹಾಕಿಸ್ತೀನಿ’ ಅನ್ನುತ್ತಿದ್ದಾರೆ. ಯಾವ ಸೋಮವಾರ ಅಂತ ಕೇಳೋದನ್ನು ಬಿಟ್ಟಿದ್ದೇನೆ. ಈಗ ಅರ್ಧ ಅಡ್ವಾನ್ಸ್ ಕೈಗೆ ಬಾರದೆ ಓಮ್ನಿ ಸ್ಟಾರ್ಟ್ ಮಾಡಲ್ಲ. ಕಲಿಯೋಕೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ಪುಣೆಯಲ್ಲೂ ಒಂದಿದೆ, ವಿಚಾರಿಸಿ. ಮೈಕು ಕೊಳ್ಳೋಕೆ ಹೋಗಬೇಡಿ, ಮೊದಲು ಕಿವಿ ಪೂರ್ತಿ ಮುಚ್ಚುವ ಒಳ್ಳೆ ಹೆಡ್‌ಫೋನ್ ತಗೊಳ್ಳಿ. ಮೊಬೈಲಿನಲ್ಲೇ ನಿಮ್ಮ ಅಡುಗೆಮನೆಯನ್ನು ಎರಡು ಸಲ ರೆಕಾರ್ಡ್ ಮಾಡಿ ಕೇಳಿ, ಫ್ರಿಜ್ಜು ಹಾಕಿ ಒಂದು ಸಲ, ಆರಿಸಿ ಒಂದು ಸಲ. ಆರಿಸುವಾಗ ಗಾಡಿ ಕೀ ಒಳಗಿಡಿ.